ಹೆಸರಿಡುವವರು ಯಾರು?



ಆಟಿಸಂ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮಾತು ಬಾರದ ಮಗು. ನಾನಿಂದು ಹೇಳಹೊರಟಿರುವುದು ಮಾತು ಚೆನ್ನಾಗಿಯೇ ಬರುವ ಮಗುವಿನ ಬಗ್ಗೆ. ವಿಯೆನ್ನಾದ ಮಕ್ಕಳ ವೈದ್ಯ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಇಂಥ ಮಕ್ಕಳ ಕುರಿತು ಜರ್ಮನ್ ಭಾಷೆಯಲ್ಲಿ ಬರೆದ. 1981ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಅದನ್ನು ಇಂಗ್ಲಿಷ್ ಓದುಗರ ಗಮನಕ್ಕೆ ತಂದು ಆತನ ಹೆಸರನ್ನೇ ಈ ಸ್ಥಿತಿಗೆ ಇಟ್ಟರು. ಅಮೆರಿಕದ ಮನೋವೈದ್ಯರ ಕೈಪಿಡಿ 1994ರಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು, 2013ರಲ್ಲಿ ಆಟಿಸಂ ಸ್ಪೆಕ್ಟ್ರಮ್ ಒಳಗೆ ಸೇರಿಸಿಬಿಟ್ಟಿತು. ನಾಜಿಗಳ ಕಾಲದಲ್ಲಿ ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಆಮ್ ಸ್ಪೀಗೆಲ್‌ಗ್ರುಂಡ್ ಸಂಸ್ಥೆಗೆ ಆಸ್ಪರ್ಗರ್ ಮಕ್ಕಳನ್ನು ಕಳಿಸಿದ್ದನೆಂದು ಇತಿಹಾಸಕಾರ ಹರ್ವಿಗ್ ಚೆಕ್ 2018ರಲ್ಲಿ ದಾಖಲೆ ಸಮೇತ ತೋರಿಸಿದರು. ಹಾಗಾಗಿ ಆ ಹೆಸರು ಮರೆಯಾದದ್ದಕ್ಕೆ ನನಗೇನೂ ದುಃಖವಿಲ್ಲ. ಅನೇಕರು ಇಂದಿಗೂ ತಮ್ಮನ್ನು ಅದರಿಂದಲೇ ಗುರುತಿಸಿಕೊಳ್ಳುವುದರಿಂದ ಬಳಸುತ್ತಿದ್ದೇನೆ, ಅಷ್ಟೇ.

ಮಾತು ಕಲಿಯುವುದರಲ್ಲಿ ಗಮನಾರ್ಹ ವಿಳಂಬ ಇರಬಾರದು ಎಂದು 1994ರ ವ್ಯಾಖ್ಯಾನವೇ ಹೇಳುತ್ತಿತ್ತು. ತೊಡಕು ಇರುವುದೇ ಅಲ್ಲಿ. ಅಂಗನವಾಡಿಯಿಂದ ಹಿಡಿದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರೆಗೆ ನಮ್ಮ ಜರಡಿಯಲ್ಲಿ ಸುಲಭವಾಗಿ ಸಿಗುವವರು ನಡಿಗೆ, ಮಾತು ತಡವಾದ ಮಕ್ಕಳು. ಈ ಹುಡುಗನೋ ಎರಡು ವರ್ಷಕ್ಕೇ ಪಟಪಟ ಮಾತಾಡಿದವನು. ಮೂರನೇ ತರಗತಿಗೆ ಬರುವಾಗ ರೈಲು ವೇಳಾಪಟ್ಟಿ ಬಾಯಿಪಾಠ; ಆಡುಮಾತಿನ ಜಾಗದಲ್ಲಿ ಪಠ್ಯಪುಸ್ತಕದ ಕನ್ನಡ; ತಪ್ಪು ಕಂಡರೆ ಮುಖ್ಯೋಪಾಧ್ಯಾಯರನ್ನೂ ಎಲ್ಲರೆದುರೇ ತಿದ್ದಿಬಿಡುತ್ತಾನೆ. ಮೇಷ್ಟ್ರು 'ಕಿಟಕಿ ಹಾಕಕ್ಕಾಗತ್ತೇನೋ?' ಎಂದರೆ 'ಆಗುತ್ತದೆ' ಎಂದು ಉತ್ತರಿಸಿ ಕೂತೇ ಇರುತ್ತಾನೆ. ತರಗತಿ ಗೊಳ್ಳೆಂದು ನಗುತ್ತದೆ, ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರುತ್ತದೆ, ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದೆನಲ್ಲ ಎಂದು ಹುಡುಗ ತಬ್ಬಿಬ್ಬಾಗುತ್ತಾನೆ. ಹುಡುಗಿಯಾದರೆ ಎಷ್ಟೋ ಸಲ ಇಷ್ಟೂ ಕಾಣುವುದಿಲ್ಲ. ಗೆಳತಿಯರ ಹಾವಭಾವ ನೋಡಿ ನಕಲು ಮಾಡಿ ದಿನ ದೂಡುತ್ತಾಳೆ. ನಾವು 'ನಾಚಿಕೆ ಸ್ವಭಾವ' ಎಂದು ಷರಾ ಬರೆದು ಮುಗಿಸುತ್ತೇವೆ.

ಇಂಥ ಮಕ್ಕಳನ್ನು ಚಿಕ್ಕಂದಿನಲ್ಲೇ ಗುರುತಿಸಬೇಕು ಎಂಬುದು ನನ್ನ ವಾದ. ಎಳೆಯ ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ ಎನ್ನುವವರ ಕಾಳಜಿ ಅರ್ಥವಾಗುತ್ತದೆ. ಆದರೆ ರೋಗನಿರ್ಣಯವಾಗದ ಮಗು ಹಣೆಪಟ್ಟಿಯಿಲ್ಲದೆ ಬೆಳೆಯುತ್ತದೆ ಎಂಬುದು ಭ್ರಮೆ. ಹಠಮಾರಿ, ಸೊಕ್ಕಿನವನು, ತಿಕ್ಕಲು: ಹತ್ತು ತುಂಬುವುದರೊಳಗೆ ಶಾಲೆಯೂ ನೆಂಟರಿಷ್ಟರೂ ಸೇರಿ ಇವನ್ನೆಲ್ಲ ದಯಪಾಲಿಸಿರುತ್ತಾರೆ, ಹುಡುಗ ನಂಬಿಯೂ ಇರುತ್ತಾನೆ. ಬೈಗುಳದಿಂದ ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಸರಿಯಾದ ವಿವರಣೆ ಸಿಕ್ಕರೆ ತಿಳಿಯುತ್ತದೆ: 'ಕಿಟಕಿ ಹಾಕು' ಎಂದು ನೇರವಾಗಿ ಹೇಳಬೇಕು, ಪೀರಿಯಡ್ ಬದಲಾದರೆ ಮುಂಚೆಯೇ ತಿಳಿಸಬೇಕು, ಊಟದ ಹೊತ್ತಿನ ಗದ್ದಲದಿಂದ ಸ್ವಲ್ಪ ಬಿಡುವು ಕೊಡಬೇಕು. ಇದಕ್ಕೆ ಸರ್ಕಾರದ ಅನುದಾನವೂ ಬೇಡ.

'ಅಂಕ ಚೆನ್ನಾಗಿ ಬರುತ್ತಿದೆ, ಡಾಕ್ಟರ್ ಯಾಕೆ?' ಎನ್ನುವ ಪೋಷಕರಿದ್ದಾರೆ. ದೊಡ್ಡವರಾದ ಮೇಲಷ್ಟೇ ಆಸ್ಪರ್ಗರ್ ಎಂದು ಗೊತ್ತಾದ 374 ಜನರನ್ನು ಕುರಿತ ಬ್ರಿಟನ್ನಿನ ಅಧ್ಯಯನವೊಂದು 2014ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂತು. ಉತ್ತರಿಸಿದವರಲ್ಲಿ ಶೇ. 66ರಷ್ಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಆತ್ಮಹತ್ಯೆಯ ಯೋಚನೆ ಬಂದಿತ್ತು. ರೋಗನಿರ್ಣಯ ತಡವಾದದ್ದೇ ಕಾರಣವೆಂದು ಇದು ಸಾಬೀತು ಮಾಡುವುದಿಲ್ಲ. ಬುದ್ಧಿವಂತ, ಹೇಗೋ ನಿಭಾಯಿಸಿಕೊಳ್ಳುತ್ತಾನೆ ಎಂಬ ನಮ್ಮ ಸಮಾಧಾನವನ್ನಂತೂ ಕೆಡಿಸುತ್ತದೆ. ಆಟಿಸಂ ಇರುವ 78 ವಿಶ್ವವಿದ್ಯಾಲಯ ವಿದ್ಯಾರ್ಥಿಗಳ 2023ರ ಅಧ್ಯಯನದಲ್ಲಿ, ತಮ್ಮ ಸ್ಥಿತಿ ಚಿಕ್ಕಂದಿನಲ್ಲೇ ತಿಳಿದವರ ಬದುಕಿನ ಗುಣಮಟ್ಟ ಉತ್ತಮವಾಗಿತ್ತು. ಅದೇ ಅಧ್ಯಯನದಲ್ಲಿ ಎದುರುವಾದಿಗಳಿಗೂ ಒಂದು ತುತ್ತಿದೆ: ಗೊತ್ತಾದ ಗಳಿಗೆಯಲ್ಲಿ ಹೆಚ್ಚು ಹಗುರಾದವರು ತಡವಾಗಿ ತಿಳಿದವರೇ. ವರ್ಷಗಟ್ಟಲೆ ತನ್ನನ್ನೇ ಬೈದುಕೊಂಡವನಿಗೆ ಹಾಗನ್ನಿಸುವುದು ಸಹಜ. ಅಷ್ಟು ಕಾಲ ಬೈದುಕೊಳ್ಳಲಿ ಬಿಡಿ ಎನ್ನಲು ಅದು ಆಧಾರವಾಗದು. ಇನ್ನು, ರೋಗನಿರ್ಣಯದ ಬೆನ್ನಿಗೇ 'ಗುಣಪಡಿಸುತ್ತೇವೆ' ಎಂದು ಸಾವಿರಾರು ರೂಪಾಯಿ ಕೀಳುವವರು ಬರುತ್ತಾರೆಂಬ ಆಕ್ಷೇಪ ನಿಜ. ಇದು ಗುಣಪಡಿಸಬೇಕಾದ ಕಾಯಿಲೆಯಲ್ಲ ಎಂದು ಮೊದಲ ಭೇಟಿಯಲ್ಲೇ ಹೇಳುವ ಹೊಣೆ ರೋಗನಿರ್ಣಯ ಮಾಡುವ ನಮ್ಮ ವೃತ್ತಿಯದು. 'ಮುಂದೆ ಮದುವೆಗೆ ತೊಡಕಾಗುತ್ತದೆ' ಎಂಬ ಮಾತಿಗೆ ಹೆಚ್ಚು ಸಮಯ ಕೊಡಲಾರೆ.

ಗಟ್ಟಿಯಾದ ಆಕ್ಷೇಪವೆಂದರೆ, ಪರೀಕ್ಷಿಸುವವರು ಎಲ್ಲಿದ್ದಾರೆ ಎಂಬುದು. ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನಲ್ಲಿ. ಬೀದರಿನ ತಾಯಿ ರಾತ್ರಿಯಿಡೀ ಪ್ರಯಾಣ ಮಾಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿದೆ ನಿಜ, ಆದರೆ ರೋಗನಿರ್ಣಯದ ಕಾಗದವಿಲ್ಲದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವುದಾದರೂ ಹೇಗೆ? ಅದಕ್ಕೇ ನನ್ನ ಸಲಹೆ ಇದು: ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು ತಿಂಗಳಿಗೊಂದು ದಿನವನ್ನು ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಮೀಸಲಿಡಲಿ. ಶಿಕ್ಷಕರು ಒಂದು ಪುಟದ ಕನ್ನಡ ನಮೂನೆ ತುಂಬಿ ಕಳಿಸಲಿ. ಆಟದ ಬಿಡುವಿನಲ್ಲಿ ಮಗು ಯಾರ ಜೊತೆ ಇರುತ್ತದೆ, ತಮಾಷೆಯನ್ನು ಹೇಗೆ ತೆಗೆದುಕೊಳ್ಳುತ್ತದೆ, ದಿನಚರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅದು ಕೇಳಲಿ, ಅಂಕಗಳನ್ನಲ್ಲ. ಇದನ್ನು ನಾಳೆಯ ಗೋಷ್ಠಿಯಲ್ಲಿ ಠರಾವಾಗಿ ಮಂಡಿಸಲು ಸಭೆಯ ಒಪ್ಪಿಗೆ ಕೋರುತ್ತೇನೆ.