ಪದದ ಚಕ್ಕುಬಂದಿ: ಸಾಫ್ಟ್‌ವೇರ್ ಪೇಟೆಂಟ್ ವ್ಯಾಜ್ಯಗಳಲ್ಲಿ ಅರ್ಥನಿರ್ಣಯ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಚಾರವನ್ನೇ ಹೇಳುವರೆಂಬ ನಿರೀಕ್ಷೆ ಸಹಜವಾದುದು. ಆದರೆ ಈ ಸಭೆಯಲ್ಲಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದುಡಿಯುವವರೇ ಹೆಚ್ಚು. ಅವರಲ್ಲಿ ಹಲವರ ಮನೆಯ ಗೋಡೆಯ ಮೇಲೆ ಪೇಟೆಂಟಿನ ಫಲಕ ತೂಗುತ್ತಿರುವುದನ್ನು ನಾವು ಸಂತೋಷದಿಂದ ಕಂಡಿದ್ದೇವೆ. ಫಲಕದ ಮೇಲೆ ಹೆಸರು ದೊಡ್ಡದಾಗಿ ಕಾಣುತ್ತದೆ. ಪೇಟೆಂಟಿನ ಜೀವವಿರುವುದು ಮಾತ್ರ ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದ ಕೆಲವು ವಾಕ್ಯಗಳಲ್ಲಿ. ಆ ವಾಕ್ಯಗಳಲ್ಲಿನ ಪದಗಳಿಗೆ ಅಮೆರಿಕದ ನ್ಯಾಯಾಲಯಗಳು ಹೇಗೆ ಅರ್ಥ ಹೇಳುತ್ತವೆ ಎಂಬುದೇ ಇಂದಿನ ವಿಷಯ. ನಾವು ನ್ಯಾಯವಾದಿಗಳಲ್ಲ, ಆದರೆ ಒಂದು ಪದವನ್ನು ಹೇಗೆ ಓದಬೇಕೆಂಬ ಪ್ರಶ್ನೆ ವೈದ್ಯರನ್ನೂ ದಿನವೂ ಕಾಡುವಂಥದು.

ಊರಿನಲ್ಲಿ ಜಮೀನು ಕೊಂಡವರಿಗೆ ಕ್ರಯಪತ್ರದ ಚಕ್ಕುಬಂದಿ ಎಂದರೇನೆಂದು ತಿಳಿದಿದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಖರಾಬು ಎಂಬ ಆ ನಾಲ್ಕು ಸಾಲುಗಳೇ ಒಡೆತನದ ಎಲ್ಲೆ. ಪತ್ರ ಎಷ್ಟೇ ಉದ್ದವಿರಲಿ, ವ್ಯಾಜ್ಯ ಹುಟ್ಟುವುದು ಅಲ್ಲಿಯೇ. ಪೇಟೆಂಟಿನ ಕೊನೆಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದ ವಾಕ್ಯಗಳಿಗೆ ಕ್ಲೇಮುಗಳೆಂದು ಹೆಸರು. ಅವೇ ಅದರ ಚಕ್ಕುಬಂದಿ. ಹೊಲಕ್ಕಾದರೋ ಕಲ್ಲು ನೆಡಬಹುದು. ಸಾಫ್ಟ್‌ವೇರಿಗೆ ಕಲ್ಲು ನೆಡಲಾಗದು. ಅಲ್ಲಿ ಪದವೇ ಗಡಿಕಲ್ಲು.

ಪದದ ಅರ್ಥದಿಂದ ಆಸ್ತಿಯ ನಿರ್ಣಯವಾಗುವುದು ಕನ್ನಡಿಗರಿಗೆ ಹೊಸತಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ‘ಸಪಿಂಡ’ ಎಂಬಲ್ಲಿನ ಪಿಂಡಕ್ಕೆ ಅವನು ದೇಹವೆಂಬ ಅರ್ಥವನ್ನು ಹಿಡಿದನು. ಬಂಗಾಳದ ಜೀಮೂತವಾಹನನು ತನ್ನ ‘ದಾಯಭಾಗ’ದಲ್ಲಿ ಪಿತೃಗಳಿಗೆ ಅರ್ಪಿಸುವ ಅನ್ನದ ಉಂಡೆಯೆಂಬ ಅರ್ಥವನ್ನು ಹಿಡಿದನು. ಈ ಅರ್ಥಭೇದದಿಂದ ಯಾರು ಯಾರಿಗೆ ವಾರಸುದಾರರೆಂಬ ಕ್ರಮವೇ ಎರಡು ಪ್ರದೇಶಗಳಲ್ಲಿ ಶತಮಾನಗಳ ಕಾಲ ಬೇರೆಯಾಗಿ ಉಳಿಯಿತು.

ಅಮೆರಿಕದಲ್ಲಿ ಮೊದಲು ಎದ್ದ ಪ್ರಶ್ನೆ, ಅರ್ಥವನ್ನು ಹೇಳುವವರು ಯಾರು ಎಂಬುದು. ಹರ್ಬರ್ಟ್ ಮಾರ್ಕ್‌ಮನ್ ಎಂಬವರು ಡ್ರೈ ಕ್ಲೀನಿಂಗ್ ಅಂಗಡಿಗಳಿಗೆ ಬಂದ ಬಟ್ಟೆಗಳ ಲೆಕ್ಕವಿಡುವ ಗಣಕ ವ್ಯವಸ್ಥೆಗೆ ಪೇಟೆಂಟ್ ಪಡೆದಿದ್ದರು. ವೆಸ್ಟ್‌ವ್ಯೂ ಎಂಬ ಸಂಸ್ಥೆಯ ಯಂತ್ರ ತಮ್ಮ ಹಕ್ಕನ್ನು ಉಲ್ಲಂಘಿಸುತ್ತದೆಂದು ದಾವೆ ಹೂಡಿದರು. ಜ್ಯೂರಿ ಅವರ ಪರವಾಗಿ ತೀರ್ಪಿತ್ತಿತು. ಆದರೆ ಕ್ಲೇಮಿನಲ್ಲಿದ್ದ ‘ಇನ್ವೆಂಟರಿ’ ಎಂಬ ಪದಕ್ಕೆ ಹಣದ ಲೆಕ್ಕವಷ್ಟೇ ಸಾಲದು, ಬಟ್ಟೆಗಳ ಲೆಕ್ಕವೂ ಬೇಕೆಂದು ನ್ಯಾಯಾಧೀಶರು ಅರ್ಥೈಸಿದರು. ವೆಸ್ಟ್‌ವ್ಯೂ ಯಂತ್ರ ಬಟ್ಟೆಗಳ ಲೆಕ್ಕವನ್ನು ಇಡುತ್ತಿರಲಿಲ್ಲ. ಜ್ಯೂರಿಯ ತೀರ್ಪು ಬಿದ್ದುಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಇದನ್ನು ಎತ್ತಿಹಿಡಿಯಿತು: ಬರೆದ ದಸ್ತಾವೇಜಿನ ಅರ್ಥವನ್ನು ಹೇಳುವುದು ನ್ಯಾಯಾಧೀಶರ ಕೆಲಸ, ಜ್ಯೂರಿಯದಲ್ಲ. ಅಂದಿನಿಂದ ಪದಗಳ ಅರ್ಥವನ್ನು ನಿರ್ಣಯಿಸುವ ಪ್ರತ್ಯೇಕ ಕಲಾಪಕ್ಕೆ ‘ಮಾರ್ಕ್‌ಮನ್ ವಿಚಾರಣೆ’ ಎಂದೇ ಹೆಸರಾಯಿತು. ಎಷ್ಟೋ ಮೊಕದ್ದಮೆಗಳ ಗೆಲುವು ಸೋಲು ಅಲ್ಲಿಯೇ ತೀರ್ಮಾನವಾಗಿ, ಉಭಯ ಪಕ್ಷಗಳು ರಾಜಿಗೆ ಕುಳಿತುಕೊಳ್ಳುತ್ತವೆ.

ನ್ಯಾಯಾಧೀಶರು ಯಾರ ಕಣ್ಣಿನಿಂದ ಓದುತ್ತಾರೆ? ಇಲ್ಲಿ ನಮ್ಮ ವೃತ್ತಿಯ ಅನುಭವ ನೆರವಿಗೆ ಬರುತ್ತದೆ. ಹೈಪರ್‌ಟೆನ್ಷನ್ ಎಂದೊಡನೆ ನಮ್ಮವರು “ಹೌದು ಡಾಕ್ಟರೇ, ಆಫೀಸಿನಲ್ಲಿ ತುಂಬಾ ಟೆನ್ಷನ್” ಎನ್ನುತ್ತಾರೆ. ವೈದ್ಯರಿಗೆ ಆ ಪದ ರಕ್ತದೊತ್ತಡದ ಒಂದು ಅಳತೆ, ಮನಸ್ಸಿನ ಚಿಂತೆಯಲ್ಲ. ಬಯಾಪ್ಸಿ ‘ನೆಗೆಟಿವ್’ ಎಂದರೆ ಮನೆಮಂದಿ ಹೆದರುತ್ತಾರೆ, ವೈದ್ಯರು ನಿಟ್ಟುಸಿರು ಬಿಡುತ್ತಾರೆ. ಪೇಟೆಂಟಿನ ಪದವನ್ನು ಸಹ ಆ ವಿದ್ಯೆಯಲ್ಲಿ ಸಾಮಾನ್ಯ ಪರಿಣತಿಯುಳ್ಳವರು, ಆ ಆವಿಷ್ಕಾರದ ಕಾಲದಲ್ಲಿ, ಹೇಗೆ ಗ್ರಹಿಸುತ್ತಿದ್ದರೋ ಹಾಗೆಯೇ ಗ್ರಹಿಸಬೇಕೆಂಬುದು ನಿಯಮ.

2002ರ ಒಂದು ತೀರ್ಪು ನಿಘಂಟಿಗೆ ಅಗ್ರಸ್ಥಾನವನ್ನು ಕೊಟ್ಟಿತ್ತು. 2005ರ ಫಿಲಿಪ್ಸ್ ಪ್ರಕರಣದಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು ಅದನ್ನು ತಿದ್ದಿತು. ಮೊದಲು ಕ್ಲೇಮಿನ ಪದಗಳನ್ನೇ ನೋಡಬೇಕು. ಅನಂತರ ಅದೇ ಪೇಟೆಂಟಿನ ವಿವರಣಾ ಭಾಗ. ಬಳಿಕ ಪೇಟೆಂಟ್ ಕಚೇರಿಯ ಪರೀಕ್ಷಕರೊಡನೆ ನಡೆದ ಪತ್ರವ್ಯವಹಾರದ ಕಡತ. ನಿಘಂಟು ಮತ್ತು ತಜ್ಞರ ಸಾಕ್ಷ್ಯಗಳಿಗೆ ಇವುಗಳ ನಂತರದ ಸ್ಥಾನ. ವಿವರಣೆಯಲ್ಲಿ ಕೊಟ್ಟ ಉದಾಹರಣೆಯನ್ನೇ ಎಲ್ಲೆಯೆಂದು ಭಾವಿಸಲಾಗದು. ಆದರೆ “ನಮ್ಮ ವಿಧಾನ ಹಳೆಯದರಂತಲ್ಲ, ಇಂಥದ್ದು ಇದರಲ್ಲಿ ಸೇರುವುದಿಲ್ಲ” ಎಂದು ಪರೀಕ್ಷಕರಿಗೆ ಸ್ಪಷ್ಟವಾಗಿ ಬರೆದುಕೊಟ್ಟು ಪೇಟೆಂಟ್ ಪಡೆದವರು, ಮುಂದೆ ಅದೂ ನಮ್ಮದೇ ಎನ್ನುವಂತಿಲ್ಲ.

ಈಗ ಸಾಫ್ಟ್‌ವೇರಿಗೆ ಬರೋಣ. ಟೊರಾಂಟೊ ನಗರದ ಐ4ಐ ಎಂಬ ಸಣ್ಣ ಸಂಸ್ಥೆಯು ದಾಖಲೆಯೊಂದರ ಪಠ್ಯವನ್ನೂ ಅದರ ರಚನೆಯನ್ನು ಸೂಚಿಸುವ ಸಂಕೇತಗಳನ್ನೂ ಬೇರೆ ಬೇರೆಯಾಗಿ ಸಂಗ್ರಹಿಸುವ ವಿಧಾನಕ್ಕೆ 1998ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ವರ್ಡ್ ತಂತ್ರಾಂಶದ ಒಂದು ಸೌಲಭ್ಯ ಇದನ್ನು ಉಲ್ಲಂಘಿಸುತ್ತದೆಂಬುದು ದಾವೆ. ಎಲ್ಲವೂ ‘ಡಿಸ್ಟಿಂಕ್ಟ್’, ಎಂದರೆ ‘ಪ್ರತ್ಯೇಕ’, ಎಂಬ ಪದದ ಸುತ್ತ ತಿರುಗಿತು. ಪ್ರತ್ಯೇಕವೆಂದರೆ ಬೇರೆ ಬೇರೆ ಫೈಲುಗಳಲ್ಲಿರಬೇಕೆಂದು ಮೈಕ್ರೋಸಾಫ್ಟ್ ವಾದಿಸಿತು. ಕ್ಲೇಮಿನಲ್ಲಾಗಲಿ ವಿವರಣೆಯಲ್ಲಾಗಲಿ ಬೇರೆ ಫೈಲುಗಳು ಬೇಕೆಂಬ ಷರತ್ತಿಲ್ಲವೆಂದು ನ್ಯಾಯಾಲಯ ಹೇಳಿತು. 2009ರಲ್ಲಿ ಜ್ಯೂರಿ 20 ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿತು. 2010ರ ಜನವರಿಯಿಂದ ಮಾರುವ ವರ್ಡ್ ಪ್ರತಿಗಳಿಂದ ಆ ಸೌಲಭ್ಯವನ್ನು ತೆಗೆಯಬೇಕಾಯಿತು. ಪೇಟೆಂಟೇ ಅಸಿಂಧುವೆಂಬ ವಾದವೂ 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಫಲಿಸಲಿಲ್ಲ. ಮಾರ್ಕ್‌ಮನ್ ಒಂದು ಪದದಿಂದ ಗೆದ್ದುದನ್ನು ಕಳೆದುಕೊಂಡರು. ಐ4ಐ ಒಂದು ಪದದಿಂದ ಗೆದ್ದುದನ್ನು ಉಳಿಸಿಕೊಂಡಿತು.

ಹಾಗಾದರೆ ಪದವನ್ನು ಆದಷ್ಟು ವಿಶಾಲವಾಗಿ ಬರೆದುಬಿಟ್ಟರೆ ಆಯಿತಲ್ಲವೇ ಎಂದು ತರುಣರು ಕೇಳಬಹುದು. ಅಲ್ಲಿಯೇ ಅಪಾಯವಿದೆ. ಬೇಲಿಯನ್ನು ದೂರಕ್ಕೆ ಹಾಕಿದಷ್ಟೂ ಇನ್ನೊಬ್ಬರ ಹಳೆಯ ಹೊಲ ಒಳಗೆ ಸೇರುತ್ತದೆ. ಉಲ್ಲಂಘನೆಗೆ ಹಿಡಿದ ಅರ್ಥವೇ ಸಿಂಧುತ್ವಕ್ಕೂ ಅನ್ವಯಿಸುವುದರಿಂದ, ಹಿಂದೆಯೇ ಇದ್ದ ವಿಧಾನವೊಂದು ಅದರೊಳಗೆ ಬಂದರೆ ಆ ಕ್ಲೇಮು ಬಿದ್ದುಹೋಗುತ್ತದೆ.

ಇನ್ನೊಂದು ಅಪಾಯ 2015ರ ವಿಲಿಯಮ್ಸನ್ ಪ್ರಕರಣದಲ್ಲಿ ಕಾಣುತ್ತದೆ. ಗಣಕಜಾಲದ ಮೂಲಕ ಪಾಠ ನಡೆಸುವ ವ್ಯವಸ್ಥೆಯ ಆ ಪೇಟೆಂಟಿನಲ್ಲಿ ಒಂದು ‘ಮಾಡ್ಯೂಲ್’ ಇಂತಿಂಥ ಕಾರ್ಯಗಳನ್ನು ಮಾಡುತ್ತದೆ ಎಂದು ಬರೆದಿತ್ತು. ಸಾಫ್ಟ್‌ವೇರ್ ಜಗತ್ತಿನಲ್ಲಿ ಇದಕ್ಕಿಂತ ಪರಿಚಿತವಾದ ಪದವುಂಟೇ? ಆದರೆ ಈ ಸಂದರ್ಭದಲ್ಲಿ ಅದು ಯಾವ ನಿರ್ದಿಷ್ಟ ರಚನೆಯನ್ನೂ ಸೂಚಿಸದ ಖಾಲಿ ಪೆಟ್ಟಿಗೆಯಂಥ ಪದವೆಂದು ನ್ಯಾಯಾಲಯ ಹೇಳಿತು. ಮಾಡುವ ಕೆಲಸವನ್ನಷ್ಟೇ ಹೇಳಿ ಹಕ್ಕನ್ನು ಕೋರಲು 1952ರ ಕಾಯಿದೆ ಅವಕಾಶ ಕೊಟ್ಟಿದೆ; ಆದರೆ ಆ ಹಕ್ಕು ವಿವರಣೆಯಲ್ಲಿ ತೋರಿಸಿದ ವಿಧಾನಕ್ಕೂ ಅದಕ್ಕೆ ಸಮಾನವಾದುದಕ್ಕೂ ಸೀಮಿತ. ಸಾಫ್ಟ್‌ವೇರಿನಲ್ಲಿ ವಿಧಾನವೆಂದರೆ ಆಲ್ಗರಿದಮ್. ವಿವರಣೆಯಲ್ಲಿ ಅದು ಇರಲಿಲ್ಲವಾದುದರಿಂದ ಆ ಕ್ಲೇಮುಗಳು ಅಸಿಂಧುವಾದವು. ರೋಗ ಗುಣವಾಗುತ್ತದೆ ಎಂದಷ್ಟೇ ಬರೆದು, ಯಾವ ಔಷಧದಿಂದ ಎಂದು ಹೇಳದಿದ್ದರೆ ಅದು ಚೀಟಿಯೇ ಅಲ್ಲ, ಅಲ್ಲವೇ?

ಇದು ಸಾಫ್ಟ್‌ವೇರಿಗೆ ಮಾತ್ರ ಸೀಮಿತವಾದ ಸಂಕಟವಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಿಗೆ ಕೊಡುವ ಕೊಪ್ಯಾಕ್ಸೋನ್ ಔಷಧದ ಪೇಟೆಂಟಿನಲ್ಲಿ ‘ಅಣುತೂಕ’ ಎಂಬ ಪದವಿತ್ತು. ಅದನ್ನು ಲೆಕ್ಕಹಾಕುವ ಬಗೆಗಳು ಮೂರು. ಯಾವುದೆಂದು ಕ್ಲೇಮಿನಲ್ಲಿ ಹೇಳಿರಲಿಲ್ಲ. ತಜ್ಞರ ಸಾಕ್ಷ್ಯದ ಮೇಲೆ ಕೆಳಗಿನ ನ್ಯಾಯಾಧೀಶರು ಕಂಡುಕೊಂಡ ಸಂಗತಿಗಳನ್ನು ಸ್ಪಷ್ಟ ತಪ್ಪಿಲ್ಲದೆ ಮೇಲಿನವರು ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟು 2015ರಲ್ಲಿ ವಿಧಿಸಿತು. ಆದರೂ ಮರುವಿಚಾರಣೆಯಲ್ಲಿ ಆ ಕ್ಲೇಮುಗಳು ಅಸ್ಪಷ್ಟವೆಂದೇ ನಿಂತವು.

ಬಂಧುಗಳೇ, ನಮ್ಮ ತರುಣರು ರಾತ್ರಿಯೆಲ್ಲ ಕುಳಿತು ಪ್ರೋಗ್ರಾಂ ಬರೆಯುತ್ತಾರೆ. ವಕೀಲರು ಕಳಿಸಿದ ಕರಡನ್ನು ಮಾತ್ರ ಐದು ನಿಮಿಷದಲ್ಲಿ ನೋಡಿ ಸಹಿ ಹಾಕುತ್ತಾರೆ. ಹತ್ತು ವರ್ಷಗಳ ಬಳಿಕ ಮೊಕದ್ದಮೆ ನಡೆದಾಗ, “ಆಗ ನಮ್ಮ ಮನಸ್ಸಿನಲ್ಲಿದ್ದುದು ಇದು” ಎಂದು ಸಂಶೋಧಕರೇ ಬಂದು ಹೇಳಿದರೂ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ನ್ಯಾಯಾಲಯ ಓದುವುದು ಕಾಗದವನ್ನು, ಮನಸ್ಸನ್ನಲ್ಲ. ವಕೀಲರಿಗೆ ಕಾನೂನು ಗೊತ್ತು. ಆ ಪದವನ್ನು ನಿಮ್ಮ ಕಸುಬಿನವರು ಹೇಗೆ ಗ್ರಹಿಸುತ್ತಾರೆಂಬುದು ನಿಮಗೇ ಹೆಚ್ಚು ಗೊತ್ತು. ಆದುದರಿಂದ ಸಹಿ ಮಾಡುವ ಮುನ್ನ ಕೊನೆಯ ಪುಟಗಳನ್ನು ಒಂದೊಂದು ಪದವಾಗಿ ಓದಿರಿ. ಎರಡು ಅರ್ಥ ಬರುವ ಪದಕ್ಕೆ ವಿವರಣೆಯಲ್ಲಿ ಅರ್ಥವನ್ನು ಬರೆಸಿರಿ. ಕೆಲಸ ಏನೆಂಬುದರೊಡನೆ ಹೇಗೆ ಎಂಬುದನ್ನೂ ಹಂತ ಹಂತವಾಗಿ ಬರೆಸಿರಿ. ಪರೀಕ್ಷಕರಿಗೆ ಕಳಿಸುವ ಉತ್ತರವನ್ನು ಕೇಳಿ ನೋಡಿರಿ. ಮುಂದೆ ವರ್ಷಗಟ್ಟಲೆ ವಾದಿಸಿದರೂ ಸಿಗದ ಸ್ಪಷ್ಟತೆ ಆ ಒಂದು ಸಂಜೆಯ ಓದಿನಿಂದ ಸಿಗಬಹುದು.