ನಾಲ್ಕನೆಯವನ ಜಾಗ

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಈ ಸಂಜೆ ಕೂಲಿ, ಬೋನಸ್ಸು, ತೆರಿಗೆಗಳ ಮಾತು ಬರುವುದೆಂದು ನೀವು ಎಣಿಸಿರಬಹುದು. ಅದನ್ನೆಲ್ಲ ಮುಂದಿನ ವಾರಕ್ಕೆ ಬಿಟ್ಟು ನಾವು ಇಂದು ಒಂದು ಸಣ್ಣ ವಿಷಯ ಹಿಡಿದು ಬಂದಿದ್ದೇವೆ. ದೊಡ್ಡ ಪಟ್ಟಣಕ್ಕೆ ದುಡಿಯಲು ಹೋಗುವ ರೈಲಿನಲ್ಲಿ ಕುಳಿತುಕೊಳ್ಳಲು ಒಂದು ಸೀಟು ಸಿಗುವುದು ಹೇಗೆ ಎಂಬುದೇ ಆ ವಿಷಯ. ಕೆಲವರು ನಗುತ್ತಿದ್ದೀರಿ. ನಗಿರಿ. ಆದರೆ ಎಂಟು ತಾಸು ಯಂತ್ರದ ಮುಂದೆ ನಿಂತ ಕಾಲಿಗೆ, ಬೆಳಗಿನಿಂದ ರಾತ್ರಿಯ ತನಕ ತಕ್ಕಡಿ ಹಿಡಿದ ಕೈಗೆ, ಒಂದು ತಾಸು ಕುಳಿತುಕೊಳ್ಳುವುದರ ಬೆಲೆ ಎಷ್ಟೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?

ಕಳೆದ ತಿಂಗಳು ನಾವು ಮುಂಬಯಿಗೆ ಹೋಗಿದ್ದೆವು. ಡೊಂಬಿವಲಿಯಲ್ಲಿ ನಮ್ಮ ಕಡೆಯ ಒಂದು ಕುಟುಂಬದವರ ಮನೆಯಲ್ಲಿ ನಾಲ್ಕು ದಿನ ಉಳಿದೆವು. ಆ ಮನೆಯ ಹಿರಿಯರು ಪರೇಳಿನ ಬಟ್ಟೆ ಗಿರಣಿಯೊಂದರಲ್ಲಿ ನೇಯ್ಗೆ ಖಾತೆಯಲ್ಲಿ ದುಡಿದವರು. ಆಗ ಅವರ ಖೋಲಿ ಗಿರಣಿಯ ಬದಿಯ ಚಾಳಿನಲ್ಲಿತ್ತು. ಗಿರಣಿ ಕೂಗಿದ ಮೇಲೆ ಚಹಾ ಕುಡಿದು ಹೊರಟರೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದರಂತೆ. ಈಗ ಅವರ ಮಗ ಅದೇ ಪರೇಳಿನ ಬದಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆ ಮಾತ್ರ ಸುಮಾರು 40 ಕಿಲೋಮೀಟರು ದೂರ ಸರಿದಿದೆ. ತಂದೆ ಹತ್ತು ಮಿನಿಟು ನಡೆದು ಹೋಗುತ್ತಿದ್ದ ಕಡೆಗೆ ಮಗ ಹೋಗಿಬರಲು ದಿನಕ್ಕೆ ಮೂರು ತಾಸು ಬೇಕು.

ಮೊದಲನೆಯ ದಿನ ಬೆಳಿಗ್ಗೆ ನಾವೂ ಅವನೊಡನೆ ಹೊರಟೆವು. ಡೊಂಬಿವಲಿ ನಿಲ್ದಾಣದಲ್ಲಿ ಅವನು ಮುಂಬಯಿಯ ಕಡೆಯ ಗಾಡಿಯನ್ನು ಬಿಟ್ಟು ಕಲ್ಯಾಣದ ಕಡೆಯ ಗಾಡಿ ಹತ್ತಿದ. 'ಇದೇನಪ್ಪಾ, ದಿಕ್ಕು ತಪ್ಪಿತಲ್ಲ?' ಎಂದೆವು.

'ಕಾಕಾ, ಕುಂತು ಹೋಗಬೇಕಂದ್ರ ಮೊದಲ ಹಿಂದಕ್ಕ ಹೋಗಬೇಕ್ರಿ. ಇದ ಗಾಡಿ ಕಲ್ಯಾಣದಿಂದ ತಿರುಗಿ ಬರತೈತಿ. ಅದಕ್ಕ ಪಾಸು ಸುದ್ದಾ ಕಲ್ಯಾಣದ ತನಕಾನ ತಗೊಂಡೀನ್ರಿ' ಎಂದ.

ಕಲ್ಯಾಣ ಬಂದಿತು. ಗಾಡಿ ನಿಲ್ಲುವ ಮೊದಲೇ ಜನ ಹಾರಿ ಒಳಗೆ ಬಂದರು. ಕಿಟಕಿಯಿಂದ ಕರವಸ್ತ್ರ ಬಿದ್ದಿತು, ಚೀಲ ಬಿದ್ದಿತು. ಅರ್ಧ ಡಬ್ಬಿ ಆಗಲೇ ನಮ್ಮಂಥವರಿಂದ ತುಂಬಿರುವುದನ್ನು ಕಂಡು ಒಬ್ಬ ಸಿಡಿದೆದ್ದ. 'ಗಾಡಿ ಹೊರಡುವುದು ನಮ್ಮೂರಿನಿಂದ. ಸೀಟು ಮಾತ್ರ ಡೊಂಬಿವಲಿಯವರಿಗೆ!' ಎಂದು ಮರಾಠಿಯಲ್ಲಿ ಕೂಗಿದ. 'ಡೊಂಬಿವಲಿಯಲ್ಲಿ ನಿಂತು ನೋಡು, ಬಾಗಿಲಿಗೆ ಕೈ ಹಚ್ಚಲೂ ಬರುವುದಿಲ್ಲ' ಎಂದು ಇವನು ಕೂಗಿದ. ಇಬ್ಬರದೂ ನಿಜ. ಇಬ್ಬರೂ ತಿಂಗಳ ಪಾಸಿನವರು, ಇಬ್ಬರ ಕೈಯಲ್ಲೂ ಬುತ್ತಿಯ ಡಬ್ಬಿ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತು ನಿಮಗೆ ಗೊತ್ತೇ ಇದೆ. ಆ ಮೂರನೆಯವನು ಮಾತ್ರ ಆ ಡಬ್ಬಿಯಲ್ಲಿರಲಿಲ್ಲ. ಅವನು ಯಾರೆಂದು ಹುಡುಕುವುದಕ್ಕೇ ಈ ಹೊತ್ತು ನಿಮ್ಮೆದುರು ನಿಂತಿದ್ದೇವೆ.

ಮೊದಲು ಲೆಕ್ಕ ನೋಡೋಣ. ಹನ್ನೆರಡು ಡಬ್ಬಿಯ ಒಂದು ಗಾಡಿಯಲ್ಲಿ ಕುಳಿತುಕೊಳ್ಳುವ ಜಾಗ ಸಾವಿರದ ಮೇಲೆ ಚಿಲ್ಲರೆ. ನುಕ್ಕು ಹೆಚ್ಚಿದ ಹೊತ್ತಿನಲ್ಲಿ ಅದರಲ್ಲಿ ಹೋಗುವವರು ನಾಲ್ಕೈದು ಸಾವಿರ. ನಿಂತವರ ನಡುವೆ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ಇರುತ್ತಾರೆಂದು ರೈಲ್ವೆಯವರೇ ಲೆಕ್ಕ ಹಾಕಿದ್ದಾರೆ. ಸಂತೆಯಲ್ಲಿ ಕಾಯಿಪಲ್ಲೆ ಹರಡಲು ಹಾಸುವ ಗೋಣಿತಟ್ಟಿನಷ್ಟು ಜಾಗದಲ್ಲಿ ಹದಿನಾರು ಮಂದಿ ಎಂದರೆ ಏನೆಂದು ನೀವೇ ಊಹಿಸಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಕಾಲು ಊರುವುದಕ್ಕೇ ಎಡೆಯಿಲ್ಲ.

ಇಂಥ ಕಡೆ ಜನ ಬದುಕುವುದು ಹೇಗೆ? ತಮ್ಮದೇ ಕಟ್ಟಳೆ ಮಾಡಿಕೊಂಡು. ಒಳಗೆ ಬಂದವನು ಕುಳಿತವನನ್ನು ಮೊದಲು ಕೇಳುವ ಮಾತು 'ಎಲ್ಲಿ ಇಳಿಯುತ್ತೀರಿ?' ಎಂಬುದು. 'ಠಾಣೆ' ಎಂದರೆ ಆ ಸೀಟು ಠಾಣೆಯ ಮುಂದೆ ಕೇಳಿದವನದು. ಚೀಟಿಯಿಲ್ಲ, ಸಾಕ್ಷಿಯಿಲ್ಲ, ಆದರೂ ಆ ಮಾತು ನಡೆಯುತ್ತದೆ. ಬೆಂಚು ಮೂರು ಜನರದು. ನಾಲ್ಕನೆಯವನು ಬಂದು ನಿಂತರೆ ಮೂವರೂ ತುಸು ಸರಿಯುತ್ತಾರೆ. ಅವನು ತುದಿಯಲ್ಲಿ ಅರ್ಧ ಕುಳಿತು, ಅರ್ಧ ತನ್ನ ಕಾಲಿನ ಮೇಲೆ ಭಾರ ಹಾಕಿ ಸಾಗುತ್ತಾನೆ. ಮುಂಬಯಿಯಲ್ಲಿ ಇದಕ್ಕೆ 'ಚೌಥೀ ಸೀಟ್' ಎಂದೇ ಹೆಸರು. ದಿನವೂ ಕೂಡಿ ಹೋಗುವ ಗೆಳೆಯರಲ್ಲಿ ಅರ್ಧ ದಾರಿಯ ತನಕ ಕುಳಿತವರು ಎದ್ದು ನಿಂತವರನ್ನು ಕೂರಿಸುವ ಪದ್ಧತಿಯೂ ಇದೆ. ಹೆಂಗಸರ ಡಬ್ಬಿಯಲ್ಲಿ ರಾತ್ರಿಯ ಅಡಿಗೆಯ ಪಲ್ಲೆಯನ್ನು ಹೆಚ್ಚಿ ಮುಗಿಸುತ್ತಾರೆ. ಅವರಿಗಾಗಿಯೇ ಪೂರಾ ಒಂದು ಗಾಡಿ ಚರ್ಚ್‌ಗೇಟು–ಬೋರಿವಲಿಗಳ ನಡುವೆ 1992ರಲ್ಲಿ ಹೊರಟಿತು. ಬುಟ್ಟಿ ಮೂಟೆಗಳ ವ್ಯಾಪಾರಿಗಳಿಗೆ, ಬುತ್ತಿ ಸಾಗಿಸುವ ಡಬ್ಬಾವಾಲರಿಗೆ ಮಾಲಿನ ಡಬ್ಬಿ ಬೇರೆ.

ಈ ಕಟ್ಟಳೆಯಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ನಾವು ಅದನ್ನು ಮುಚ್ಚಿಡುವುದಿಲ್ಲ. ಹತ್ತು ಜನರ ಗುಂಪು ಕಟ್ಟಿ, ಒಬ್ಬನು ಮೊದಲು ನುಗ್ಗಿ, ಹತ್ತು ಸೀಟಿನ ಮೇಲೆ ಚೀಲ ಇಟ್ಟು ಕಾಯುವುದು ನ್ಯಾಯವಲ್ಲ. ಎರಡನೆಯ ದಿನ ಒಬ್ಬ ಮುದುಕರು ಖಾಲಿ ಕಂಡ ಸೀಟಿನಲ್ಲಿ ಕುಳಿತರು. ಅದು ಗುಂಪಿನ ಜಾಗವೆಂದು ನಾಲ್ಕು ಜನ ಗದರಿಸಿ ಅವರನ್ನು ಎಬ್ಬಿಸಿದರು. ನಮ್ಮ ಹುಡುಗನೂ ಆ ಗುಂಪಿನವನೇ. ನಾವು ಎದ್ದು ನಮ್ಮ ಸೀಟು ಕೊಟ್ಟೆವು. ಆ ಮೇಲೆ ಅವನು ದಾದರಿನ ತನಕ ನಮ್ಮ ಮುಖ ನೋಡಲಿಲ್ಲ. ಕೂಡಿ ನಿಲ್ಲುವುದು ಬಲ, ಕೂಡಿ ಕಸಿಯುವುದು ದಬ್ಬಾಳಿಕೆ. ಈ ಮಾತನ್ನು ನಮ್ಮ ಸಂಘಗಳೂ ನೆನಪಿನಲ್ಲಿಡಬೇಕು.

ಇನ್ನು ಆ ಮೂರನೆಯವನ ವಿಚಾರ. ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷವೇ ತಾರದೇವದಲ್ಲಿ ಬಟ್ಟೆ ಗಿರಣಿಯ ಕಂಪನಿ ಹುಟ್ಟಿತು. ರೈಲು ಹತ್ತಿ ತಂದಿತು, ಜನರನ್ನೂ ತಂದಿತು. ಆದರೆ ಗಿರಣಿಯ ಜನ ಗಿರಣಿಯ ಸುತ್ತಲೇ ಚಾಳುಗಳಲ್ಲಿ ನೆಲೆಸಿದರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರ ಹೂಡಿದರು. ಅದರ ತರುವಾಯ ಒಂದೊಂದಾಗಿ ಗಿರಣಿಗಳು ಬಾಗಿಲು ಹಾಕಿದವು. ಉಳಿದದ್ದು ನೆಲ. ಆ ನೆಲದಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಪಾಲು ಮಾಲೀಕನಿಗೆ ಎಂದು 1991ರಲ್ಲಿ ಸರಕಾರವೇ ನಿಯಮ ಮಾಡಿತ್ತು. 2001ರಲ್ಲಿ ಅದೇ ನಿಯಮ ತಿದ್ದುಪಡಿಯಾಯಿತು. ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಪಾಲು, ಕಟ್ಟಡ ನಿಂತಿದ್ದ ನೆಲಕ್ಕೆ ಇಲ್ಲ ಎಂದಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗಿರಣಿಯ ಜಾಗದಲ್ಲಿ ಗಾಜಿನ ಕಚೇರಿಗಳೆದ್ದವು. ದುಡಿಯುವವರ ಮನೆಗಳು ವಿರಾರ, ಕಲ್ಯಾಣ, ಬದಲಾಪುರಗಳತ್ತ ಹೊರಟವು. ಕೆಲಸ ಒಂದು ತುದಿಗೆ, ಮನೆ ಇನ್ನೊಂದು ತುದಿಗೆ. ನಡುವೆ ಒಂದು ರೈಲು, ಮೂವರ ಬೆಂಚು. ಮಿತ್ರರೇ, ನೆಲದಲ್ಲಿ ಕಳೆದುಕೊಂಡ ಪಾಲನ್ನು ನಾವು ಬೆಂಚಿನಲ್ಲಿ ಒಬ್ಬರಿಂದೊಬ್ಬರು ಕಿತ್ತುಕೊಳ್ಳುತ್ತಿದ್ದೇವೆ.

ಇದರ ಸುಂಕವನ್ನು ಜೀವದಿಂದ ತೆತ್ತವರಿದ್ದಾರೆ. 2017ರ ಸೆಪ್ಟೆಂಬರ್ 29ರಂದು ಪರೇಳಿನ ಬದಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಕಾಲುಸೇತುವೆಯ ಮೇಲೆ ನುಕ್ಕಿನಲ್ಲಿ 23 ಜನ ಸತ್ತರು. ಆ ಮೇಲೆ ಸೈನ್ಯದವರು ಬಂದು 2018ರ ಫೆಬ್ರವರಿಯೊಳಗೆ ಹೊಸ ಸೇತುವೆ ಕಟ್ಟಿಕೊಟ್ಟರು. ಐದು ತಿಂಗಳ ಕೆಲಸಕ್ಕೆ 23 ಹೆಣ ಬೀಳಬೇಕಾಗಿತ್ತೇ? 2025ರ ಜೂನ್ 9ರಂದು ಮುಂಬ್ರಾದ ಬಳಿ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಯ ಮೇಲೆ ಬಿದ್ದು ಕನಿಷ್ಠ ನಾಲ್ವರು ತೀರಿಕೊಂಡರು. ಗಾಡಿಯಿಂದ ಬಿದ್ದವರು, ಹಳಿ ದಾಟುವಾಗ ಸಿಕ್ಕವರು ಎಲ್ಲ ಸೇರಿ ಮುಂಬಯಿಯ ಈ ಹಳಿಗಳ ಮೇಲೆ 2023ನೆಯ ಒಂದೇ ವರ್ಷದಲ್ಲಿ ಸತ್ತವರು ಎರಡೂವರೆ ಸಾವಿರಕ್ಕೂ ಹೆಚ್ಚು.

ಹಾಗಾದರೆ ಏನೂ ಆಗದೇ? ಆಗುತ್ತದೆ. 1977ರಲ್ಲಿ ಸಮಾಜವಾದಿಯಾದ ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದರು. ದೂರದ ಗಾಡಿಗಳಲ್ಲಿ ಎರಡನೆಯ ದರ್ಜೆಯ ಬರಿ ಹಲಗೆಯ ಮೇಲೆ ಎರಡಂಗುಲದ ಮೆತ್ತೆ ಹಾಕಿಸಲು ತೊಡಗಿದರು. ಬಡವನ ಬೆನ್ನಿಗೂ ನೋವಿದೆಯೆಂದು ಸರಕಾರಕ್ಕೆ ಹೊಳೆದರೆ ಸೀಟು ಬದಲಾಗುತ್ತದೆ. ಹೊಳೆಯದಿದ್ದರೆ ಹೊಳೆಯುವಂತೆ ಮಾಡಬೇಕು. 2022ರ ಆಗಸ್ಟ್‌ನಲ್ಲಿ ಸಾಮಾನ್ಯ ಗಾಡಿಗಳ ಬದಲಿಗೆ ಹೆಚ್ಚು ದರದ ತಂಪು ಗಾಡಿಗಳನ್ನು ಓಡಿಸಿದಾಗ ಕಳವಾ ಮತ್ತು ಬದಲಾಪುರದ ಪ್ರಯಾಣಿಕರು ಎದ್ದು ನಿಂತು ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಅಂಥ ಹತ್ತು ಓಡಾಟಗಳನ್ನು ಹಿಂದೆಗೆದು ಸಾಮಾನ್ಯ ಗಾಡಿಗಳನ್ನೇ ಓಡಿಸಬೇಕಾಯಿತು. ಅಂದು ಅವರು ಒಬ್ಬರನ್ನೊಬ್ಬರು ನೂಕಲಿಲ್ಲ. ಎಲ್ಲರೂ ಒಂದೇ ಕಡೆಗೆ ಮುಖ ಮಾಡಿದ್ದರು.

ಇದೆಲ್ಲ ಮುಂಬಯಿಯ ಕತೆ, ನಮಗೇನು ಎಂದು ಕೇಳುವಿರಾ? ಮಂಡ್ಯ, ರಾಮನಗರ, ತುಮಕೂರು, ಬಂಗಾರಪೇಟೆಗಳಿಂದ ನಮ್ಮ ಮಕ್ಕಳು ದಿನವೂ ಬೆಂಗಳೂರಿಗೆ ರೈಲು ಹತ್ತುತ್ತಾರೆ. ಬೆಂಗಳೂರಿನ ಉಪನಗರ ರೈಲಿನ ನಾಲ್ಕು ಮಾರ್ಗ, 148 ಕಿಲೋಮೀಟರಿನ ಯೋಜನೆಗೆ 2020ರಲ್ಲಿ ಒಪ್ಪಿಗೆ ದೊರೆಯಿತು, 2022ರ ಜೂನ್‌ನಲ್ಲಿ ಅಡಿಗಲ್ಲು ಬಿದ್ದಿತು. ಹಳಿ ಹಾಕುವಾಗಲೇ ಕೇಳಬೇಕಾದ ಮಾತುಗಳಿವೆ. ಗಾಡಿಗಳು ಸಾಕಷ್ಟು ಇರಲಿ. ನಡುವಿನ ಊರುಗಳಿಂದಲೂ ಕೆಲವು ಗಾಡಿ ಹೊರಡಲಿ. ವ್ಯಾಪಾರಿಯ ಮೂಟೆಗೆ ಡಬ್ಬಿ ಇರಲಿ. ಎಲ್ಲ ಕಚೇರಿಗಳೂ ಒಂದೇ ಹೊತ್ತಿಗೆ ಬಾಗಿಲು ತೆರೆಯದಿರಲಿ. ಎಲ್ಲಕ್ಕಿಂತ ಮೊದಲು, ಮುಚ್ಚಿದ ಕಾರಖಾನೆಯ ನೆಲ ಮಾರಾಟವಾಗುವಾಗ ಅದರಲ್ಲಿ ದುಡಿಯುವವನ ಮನೆಗೂ ಪಾಲಿರಲಿ.

ಹೊರಡುವ ದಿನ ಆ ಹುಡುಗ ನಮ್ಮನ್ನು ಗಾಡಿ ಹತ್ತಿಸಲು ಬಂದ. 'ಕಾಕಾ, ಆ ಅಜ್ಜಾ ನಿನ್ನೆ ಮತ್ತ ಬಂದಿದ್ರು. ನಾವ ಮೂರು ಮಂದಿ ಸರದ ಕುಂತು ಜಾಗಾ ಕೊಟ್ಟಿವ್ರಿ' ಎಂದ. ನಮಗೆ ಸಂತೋಷವಾಯಿತು. ಬೆಂಚಿನ ಮೇಲೆ ಸರಿದು ಜಾಗ ಕೊಡುವುದು ನಮ್ಮ ಕೈಯಲ್ಲಿದೆ, ಅದನ್ನು ನಾಳೆಯಿಂದಲೇ ಮಾಡೋಣ. ಬೆಂಚನ್ನು ಉದ್ದ ಮಾಡಿಸುವುದು ಒಬ್ಬಿಬ್ಬರಿಂದ ಆಗದು. ಅದಕ್ಕೆ ಕುಳಿತವರು, ನಿಂತವರು, ಬಾಗಿಲಲ್ಲಿ ಜೋತುಬಿದ್ದವರು ಎಲ್ಲರೂ ಕೂಡಬೇಕು.