ಬರವಣಿಗೆ ಹುಟ್ಟಿದ್ದು ಲೆಕ್ಕ ಒಪ್ಪಿಸಲಿಕ್ಕೆ

(ಬಂಗಾರಪೇಟೆಯ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮನುಷ್ಯನು ಮೊಟ್ಟಮೊದಲು ಬರೆದದ್ದೇನು? ಕಾವ್ಯವಲ್ಲ, ಅರಸರ ಕೀರ್ತಿಯೂ ಅಲ್ಲ. ಇಂದಿನ ಇರಾಕಿನ ಉರುಕ್ ನಗರದಲ್ಲಿ ಸುಮಾರು 5,200 ವರ್ಷಗಳ ಹಿಂದಿನ ಮಣ್ಣಿನ ಫಲಕಗಳು ದೊರೆತಿವೆ. ಅವುಗಳಲ್ಲಿ ಹೆಚ್ಚಿನವು ಧಾನ್ಯ, ಕುರಿ, ಕೂಲಿಯಾಳುಗಳ ಪಡಿ ಮುಂತಾದವುಗಳ ಲೆಕ್ಕಗಳು. ಹಳ್ಳಿಯು ನಗರವಾಗಿ ಬೆಳೆದಾಗ, ಪರಸ್ಪರ ಪರಿಚಯವಿಲ್ಲದ ಸಾವಿರಾರು ಜನರ ನಡುವಿನ ಕೊಡುಕೊಳೆಯನ್ನು ನೆನಪೊಂದೇ ಹೊರಲಾರದಾಯಿತು. ಆ ಹೊರೆಯನ್ನು ಹೊರಲು ಬಂದುದೇ ಲಿಪಿ.

ಚಿನ್ನಕ್ಕೂ ಬರಹಕ್ಕೂ ನಮ್ಮ ನಾಡಿನಲ್ಲಿ ಒಂದು ನಂಟಿದೆ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರರಿಗೆ ದೊರೆತದ್ದು ಕ್ರಿ.ಪೂ. 3ನೇ ಶತಮಾನದ ಶಿಲಾಶಾಸನ. ಅದರಲ್ಲಿ ಅಶೋಕನೆಂಬ ಹೆಸರೇ ಕೆತ್ತಲ್ಪಟ್ಟಿತ್ತು. ಇಲ್ಲಿಗೆ ಸಮೀಪದ ಬೇತಮಂಗಲವನ್ನೇ ನೋಡಿರಿ. ಅಲ್ಲಿನ ಕೆರೆಯನ್ನು 10ನೇ ಶತಮಾನದಲ್ಲಿ, ನೊಳಂಬರ ಆಳ್ವಿಕೆಯಲ್ಲಿ ದುರಸ್ತಿಗೊಳಿಸಿದ್ದನ್ನು ಶಾಸನವು ತಿಳಿಸುತ್ತದೆ. ಬಿ.ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಪ್ರಕಟಿಸಿದರು. ಊರಿನ ನೀರು ಎಲ್ಲರ ಸೊತ್ತು. ಆದ್ದರಿಂದ ಅದರ ಲೆಕ್ಕ ಕಲ್ಲಿನ ಮೇಲಿತ್ತು.

1880ರ ದಶಕದಿಂದ 2001ರಲ್ಲಿ ಮುಚ್ಚುವವರೆಗೆ ಕೆ.ಜಿ.ಎಫ್. ಗಣಿಗಳಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಅದು ಔನ್ಸ್ ಔನ್ಸಾಗಿ ಬರೆದಿಟ್ಟ ಲೆಕ್ಕ. ಆದರೆ ನಮ್ಮ ಮನೆಗಳ ಲೆಕ್ಕವೆಲ್ಲಿದೆ? ತಂದೆ ಕೊಟ್ಟ ಕೈಸಾಲ, ಸಹೋದರಿಗೆ ಸಲ್ಲಬೇಕಾದ ಪಾಲು, ಪತ್ನಿಗೆ ಬಾಕಿಯಿರುವ ಮಹ್ರ್ ಇವೆಲ್ಲ ಬಾಯಿಮಾತಿನಲ್ಲೇ ಉಳಿದಿವೆ. “ನಮ್ಮವರ ಮಧ್ಯೆ ಕಾಗದವೇಕೆ?” ಎನ್ನುತ್ತೇವೆ. ಬಾಯಿಮಾತು ಮರೆತುಹೋದಾಗ ನಷ್ಟವಾಗುವುದು ಬಲಾಢ್ಯನಿಗಲ್ಲ. ವಿಧವೆಗೆ, ಅನಾಥನಿಗೆ, ಹೆಣ್ಣುಮಕ್ಕಳಿಗೆ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವ ವಿಷಯದ್ದೆಂದು ಬಲ್ಲಿರಾ? ಅಲ್‌ಬಕರ ಅಧ್ಯಾಯದ 282ನೆಯ ಆ ಸೂಕ್ತವು ಸಾಲವನ್ನು ಬರೆದಿಡುವ ಕುರಿತಾದದ್ದು. ಮೊತ್ತ ಚಿಕ್ಕದಿರಲಿ, ದೊಡ್ಡದಿರಲಿ, ಅವಧಿ ಸಹಿತ ಬರೆಯಬೇಕು, ಬರಹಗಾರನು ನ್ಯಾಯದಿಂದ ಬರೆಯಬೇಕು, ಸಾಲ ಪಡೆದವನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು. ಇದು ಅಪನಂಬಿಕೆಯ ಪಾಠವಲ್ಲ, ನಂಬಿಕೆಯನ್ನು ಕಾಪಾಡುವ ಏರ್ಪಾಡು.

ಪ್ರಾಚೀನರು ಹಸಿ ಮಣ್ಣಿನ ಮೇಲೆ ಬರೆದು ನಾಗರಿಕತೆಯನ್ನು ಕಟ್ಟಿದರು. ನಮ್ಮ ಬಳಿ ಕಾಗದವೂ ಇದೆ, ಓದು ಬಲ್ಲ ಮಕ್ಕಳೂ ಇದ್ದಾರೆ. ಇಂದು ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೊಡಬೇಕಾದುದನ್ನೂ ಬರಬೇಕಾದುದನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಕೊಡಬೇಕಾದುದನ್ನು ಮೊದಲು ಬರೆಯಿರಿ.